ಪಾಶ್ಚಾತ್ಯ ಭಾವಚಿತ್ರ ಪರಂಪರೆ: ಪ್ರಾಚೀನ ಗುರುಗಳೂ ಇಂಪ್ರೆಷನಿಸ್ಟರೂ

೧

ಯೂರೋಪಿನ ಚಿತ್ರಕಲೆಯ ಚರಿತ್ರೆಯನ್ನು ಹೇಳುವವರು, ಪ್ರಾಚೀನ ಗುರುಗಳೆಂದು ಹೆಸರಾದ ೧೬ ಮತ್ತು ೧೭ನೆಯ ಶತಮಾನಗಳ ಚಿತ್ರಕಾರರನ್ನು ಒಂದು ಪಕ್ಕದಲ್ಲಿಯೂ, ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್ ನಗರದಲ್ಲಿ ತಲೆದೋರಿದ ಇಂಪ್ರೆಷನಿಸ್ಟರನ್ನು ಇನ್ನೊಂದು ಪಕ್ಕದಲ್ಲಿಯೂ ನಿಲ್ಲಿಸಿ ಹೋಲಿಸುವುದು ವಾಡಿಕೆಯಾಗಿದೆ. ಮೊದಲಿನವರು ಮನುಷ್ಯನ ಅಂತರಂಗವನ್ನು ಬರೆದರೆಂದೂ, ಅನಂತರದವರು ಅವನ ಮೈಮೇಲೆ ಬಿದ್ದ ಬೆಳಕನ್ನು ಮಾತ್ರ ಬರೆದರೆಂದೂ ಈ ಹೋಲಿಕೆಯ ತಾತ್ಪರ್ಯ. ಸಾಹಿತ್ಯದ ವ್ಯಾಸಂಗದಲ್ಲಿಯೂ ನಾವು ಇಂತಹ ವಿಭಾಗಗಳನ್ನು ಕಂಡಿದ್ದೇವೆ. ಹಳೆಯ ಕಾವ್ಯಕ್ಕೆ ಗಾಂಭೀರ್ಯವನ್ನೂ ಹೊಸ ಕವಿತೆಗೆ ಕ್ಷಣಿಕವಾದ ಭಾವವನ್ನೂ ಹಂಚಿಕೊಟ್ಟು ಪಾಠವನ್ನು ಮುಗಿಸುವುದು ಸುಲಭ. ಆದರೆ ಕೃತಿಗಳನ್ನೇ ಎದುರಿಗಿಟ್ಟುಕೊಂಡು ಪರಿಶೀಲಿಸಿದಾಗ ಆ ಹಂಚಿಕೆಯು ನಿಲ್ಲುವುದಿಲ್ಲ. ಚಿತ್ರಗಳ ವಿಷಯದಲ್ಲಿಯೂ ಹಾಗೆಯೇ ಇರುವುದೆಂಬುದನ್ನು ಕೆಲವು ಪ್ರಸಿದ್ಧ ಭಾವಚಿತ್ರಗಳ ಚರಿತ್ರೆಯ ಮೂಲಕ ತೋರಿಸುವುದು ಈ ಲೇಖನದ ಉದ್ದೇಶ.

ವಿಚಾರಕ್ಕೆ ತೊಡಗುವ ಮುನ್ನ ನಮ್ಮ ಶಾಸ್ತ್ರಕಾರರ ಒಂದು ವಿವೇಚನೆಯನ್ನು ನೆನೆಯುವುದು ಉಪಯುಕ್ತವಾಗಿದೆ. ವಾತ್ಸ್ಯಾಯನನ ಕಾಮಸೂತ್ರಕ್ಕೆ ಯಶೋಧರನು ಬರೆದ ಜಯಮಂಗಳಾ ವ್ಯಾಖ್ಯಾನದಲ್ಲಿ ಚಿತ್ರಕ್ಕೆ ಆರು ಅಂಗಗಳನ್ನು ಹೇಳಿದೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಇವುಗಳಲ್ಲಿ ಭಾವವೂ ಸಾದೃಶ್ಯವೂ ಬೇರೆಬೇರೆಯಾಗಿ ಎಣಿಸಲ್ಪಟ್ಟಿರುವುದು ಗಮನಾರ್ಹ. ಮೂಗು, ಕಣ್ಣು, ಗಲ್ಲಗಳು ಆಸಾಮಿಯನ್ನೇ ಹೋಲಬಹುದು. ಆದರೂ ಅವನು ಅಲ್ಲಿ ಇಲ್ಲದೆ ಹೋಗಬಹುದು. ಕನ್ನಡದಲ್ಲಿ ಈ ಬಗೆಯ ಚಿತ್ರಕ್ಕೆ ‘ಭಾವಚಿತ್ರ’ವೆಂಬ ಹೆಸರು ರೂಢಿಗೆ ಬಂದಿರುವುದರಿಂದ, ಈ ಎರಡು ಅಂಗಗಳ ಸಂಬಂಧವು ನಮಗೆ ಸಹಜವಾಗಿಯೇ ಪ್ರಶ್ನೆಯಾಗಿ ನಿಲ್ಲುತ್ತದೆ. ಇದರ ಜತೆಗೆ ಇನ್ನೊಂದು ಪ್ರಶ್ನೆಯೂ ಉಂಟು. ಎದುರಿಗೆ ಕುಳಿತವನು ಒಬ್ಬ ಜೀವಂತ ಮನುಷ್ಯ. ಅವನನ್ನು ಗಂಟೆಗಟ್ಟಲೆ ನಿಟ್ಟಿಸಿ ನೋಡುವ ಚಿತ್ರಕಾರನು ಅವನಿಗೆ ಸಲ್ಲಿಸಬೇಕಾದ ಋಣವೇನು?

೨

ಸ್ಪೇನ್ ದೇಶದ ದೊರೆ ನಾಲ್ಕನೆಯ ಫಿಲಿಪ್ಪನ ಆಸ್ಥಾನದಲ್ಲಿ ೧೬೨೩ರಿಂದ ಚಿತ್ರಕಾರನಾಗಿದ್ದ ದಿಯೇಗೊ ವೆಲಾಸ್ಕೆಸ್ (೧೫೯೯–೧೬೬೦) ತನ್ನ ಐವತ್ತನೆಯ ವಯಸ್ಸಿನಲ್ಲಿ ಎರಡನೆಯ ಸಲ ಇಟಲಿಗೆ ಪ್ರಯಾಣ ಮಾಡಿದನು. ಆಗ ರೋಮ್ ನಗರದಲ್ಲಿ ಆತನು ಬರೆದ ಎರಡು ಭಾವಚಿತ್ರಗಳು ನಮ್ಮ ವಿಚಾರಕ್ಕೆ ಬುನಾದಿಯಾಗಿವೆ. ಒಂದು, ಪೋಪ್ ಹತ್ತನೆಯ ಇನ್ನೊಸೆಂಟನದು. ಇನ್ನೊಂದು, ಹುವಾನ್ ದ ಪರೇಹ ಎಂಬಾತನದು. ಎರಡಕ್ಕೂ ವರ್ಷ ೧೬೫೦.

ಪೋಪನ ಚಿತ್ರವು ಈಗ ರೋಮಿನ ದೋರಿಯಾ ಪಾಂಫೀಲಿ ಚಿತ್ರಶಾಲೆಯಲ್ಲಿದೆ. ಕೆಂಪು ತೆರೆ, ಕೆಂಪು ಆಸನ, ಕೆಂಪು ಟೊಪ್ಪಿಗೆ, ಕೆಂಪು ಮೇಲುಡುಗೆ. ಇಷ್ಟೆಲ್ಲ ಕೆಂಪಿನ ನಡುವೆ, ಯಾರನ್ನೂ ನಂಬದ ಮುದುಕನೊಬ್ಬನ ಕಣ್ಣುಗಳು ನೋಡುವವನನ್ನೇ ಅಳೆಯುತ್ತಿರುವುವು. ಚಿತ್ರವನ್ನು ಕಂಡ ಪೋಪನು, ಇದು ಅತಿಯಾಗಿ ನಿಜವಾಯಿತೆಂಬರ್ಥದ ಮಾತನ್ನಾಡಿದನೆಂದು ಪ್ರತೀತಿಯುಂಟು. ಆ ಮಾತು ದಂತಕಥೆಯಿರಬಹುದು. ಚಿತ್ರವನ್ನು ನೋಡಿದವರಿಗೆ ಆ ಕಥೆಯು ಏಕೆ ಹುಟ್ಟಿತೆಂಬುದು ಮಾತ್ರ ಸ್ಪಷ್ಟವಾಗುತ್ತದೆ.

ಪರೇಹನ ಸಂಗತಿಯು ಬೇರೆ. ಆತನು ವೆಲಾಸ್ಕೆಸನ ಮನೆಯಲ್ಲಿದ್ದ ಗುಲಾಮ. ಬಣ್ಣ, ಚಿತ್ರಪಟಗಳ ಕೆಲಸದಲ್ಲಿ ಒಡೆಯನಿಗೆ ನೆರವಾಗುತ್ತ ಅವನೊಡನೆ ರೋಮಿಗೆ ಬಂದಿದ್ದನು. ಪೋಪನನ್ನು ಬರೆಯುವ ಮೊದಲು ಕೈಪಳಗಿಸಿಕೊಳ್ಳುವುದಕ್ಕಾಗಿ ಚಿತ್ರಕಾರನು ಇವನನ್ನು ಬರೆದನೆಂದು ೧೭೨೪ರಲ್ಲಿ ಸ್ಪೇನಿನ ಚಿತ್ರಕಾರರ ಚರಿತ್ರೆಯನ್ನು ಬರೆದ ಪಲೊಮಿನೊ ಹೇಳುತ್ತಾನೆ. ೧೬೫೦ನೆಯ ಮಾರ್ಚ್ ೧೯ರಂದು ರೋಮಿನ ಪಾಂಥಿಯಾನ್ ದೇವಾಲಯದಲ್ಲಿ ಈ ಚಿತ್ರವನ್ನು ಪ್ರದರ್ಶಿಸಿದಾಗ, ಉಳಿದುವೆಲ್ಲ ಚಿತ್ರಗಳು, ಇದೊಂದೇ ನಿಜವೆಂಬಂತೆ ಅಲ್ಲಿ ನೆರೆದಿದ್ದ ನಾನಾ ದೇಶಗಳ ಚಿತ್ರಕಾರರು ಹೊಗಳಿದರಂತೆ. ಬೂದು ಛಾಯೆಯ ಉಡುಪು, ಅಗಲವಾದ ಬಿಳಿಯ ಕೊರಳಪಟ್ಟಿ, ಎದೆಯ ಮುಂದೆ ಹಾದುಬಂದ ತೋಳು, ನೇರವಾದ ನೋಟ. ಮೊಣಕೈಯ ಬಳಿ ಬಟ್ಟೆಯು ಸವೆದು ಹರಿದಂತೆ ತೋರುವ ಬಿಳಿಯ ಗುರುತೊಂದಿದೆ. ಈ ಮನುಷ್ಯನು ಮತ್ತೊಬ್ಬನ ಸೊತ್ತಾಗಿದ್ದನೆಂಬುದಕ್ಕೆ ಅವನ ಮುಖದಲ್ಲಿ ಯಾವ ಸೂಚನೆಯೂ ಇಲ್ಲ. ಪೋಪನನ್ನು ನೋಡಿದ ಕಣ್ಣೇ ಇವನನ್ನೂ ನೋಡಿತು; ಪೋಪನಿಗೆ ಸಲ್ಲಿಸಿದ ಗಮನವೇ ಇವನಿಗೂ ಸಂದಿತು.

ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸಿದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಪರೇಹನಿಗೆ ಬಿಡುಗಡೆಯನ್ನು ಕೊಟ್ಟ ಪತ್ರವು ರೋಮಿನ ದಫ್ತರುಗಳಲ್ಲಿ ದೊರೆತು ೧೯೮೩ರಲ್ಲಿ ಪ್ರಕಟವಾಯಿತು. ಅದರ ತಾರೀಖು ೧೬೫೦ನೆಯ ನವೆಂಬರ್ ೨೩. ಎಂದರೆ, ಪಾಂಥಿಯಾನಿನಲ್ಲಿ ಜನರು ಮೆಚ್ಚಿ ನೋಡಿದ ದಿನ ಆತನು ಗುಲಾಮನೇ ಆಗಿದ್ದನು. ಬಿಡುಗಡೆಯೂ ಒಡನೆಯೇ ಜಾರಿಗೆ ಬರಲಿಲ್ಲ. ಓಡಿಹೋಗದೆ, ಅಪರಾಧ ಮಾಡದೆ ಇನ್ನು ನಾಲ್ಕು ವರ್ಷ ಸೇವೆ ಮಾಡಬೇಕೆಂದು ಷರತ್ತನ್ನು ಹಾಕಲಾಗಿತ್ತು. ಚಿತ್ರದಲ್ಲಿ ಕೊಟ್ಟ ಗೌರವವನ್ನು ಬಾಳಿನಲ್ಲಿ ಕೊಡುವುದಕ್ಕೆ ಚಿತ್ರಕಾರನು ತಡಮಾಡಿದನು. ಅವನ ಕಣ್ಣು ಕಂಡುದನ್ನು ಅವನ ಕಾಲದ ಕಾನೂನೂ ಅವನ ಮನೆಯ ವ್ಯವಸ್ಥೆಯೂ ಕಾಣಲಿಲ್ಲ. ಈ ಚಿತ್ರವನ್ನು ಮೆಚ್ಚುವ ನಾವು ಎರಡನ್ನೂ ಒಟ್ಟಿಗೆ ನೆನಪಿನಲ್ಲಿಡಬೇಕು.

ಸ್ವತಂತ್ರನಾದ ಬಳಿಕ ಪರೇಹನು ತಾನೇ ಚಿತ್ರಕಾರನಾಗಿ ಮ್ಯಾಡ್ರಿಡ್ಡಿನಲ್ಲಿ ಬಾಳಿದನು. ೧೬೬೧ರಲ್ಲಿ ಆತನು ಬರೆದ ‘ಸಂತ ಮತ್ತಾಯನಿಗೆ ಬಂದ ಕರೆ’ ಎಂಬ ದೊಡ್ಡ ಚಿತ್ರವು ಪ್ರಾಡೊ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದರ ಎಡ ಅಂಚಿನಲ್ಲಿ, ತನ್ನ ಹೆಸರನ್ನು ಬರೆದ ಕಾಗದವೊಂದನ್ನು ಕೈಯಲ್ಲಿ ಹಿಡಿದು, ನಮ್ಮತ್ತ ನೋಡುತ್ತ ಆತನೇ ನಿಂತಿದ್ದಾನೆ. ಒಡೆಯನ ಕುಂಚದಿಂದ ಮೂಡಿದ ಮುಖವು ಹನ್ನೊಂದು ವರ್ಷಗಳ ಮೇಲೆ ತನ್ನ ಕೈಯಿಂದಲೇ ಮೂಡಿತು. ವೆಲಾಸ್ಕೆಸನ ಚಿತ್ರವನ್ನು ೧೯೭೦ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಹರಾಜು ಮಾಡಿದಾಗ ಅದು ೨೦ ಲಕ್ಷ ಪೌಂಡುಗಳನ್ನು ಮೀರಿ ಮಾರಾಟವಾಗಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವನ್ನು ಸೇರಿತು.

೩

ಇನ್ನು ಹಾಲೆಂಡಿನ ಕಡೆಗೆ ತಿರುಗೋಣ. ಅಲ್ಲಿ ಅರಮನೆಯೂ ಪೋಪನ ಪೀಠವೂ ಇರಲಿಲ್ಲ. ವರ್ತಕರು, ವೈದ್ಯರು, ಊರಿನ ಧರ್ಮಸಂಸ್ಥೆಗಳ ಮೇಲ್ವಿಚಾರಕರು ಇವರೇ ಚಿತ್ರ ಬರೆಯಿಸುವವರು. ಹಾರ್ಲೆಮ್ ನಗರದ ಫ್ರಾನ್ಸ್ ಹಾಲ್ಸ್ ಅಂತಹವರ ಮುಖಗಳನ್ನೇ ಬರೆದು ಜೀವಿಸಿದನು. ಎಂಬತ್ತು ವರ್ಷ ದಾಟಿದ ಮೇಲೆ, ಸುಮಾರು ೧೬೬೪ರಲ್ಲಿ, ಆ ಊರಿನ ವೃದ್ಧರ ಧರ್ಮಶಾಲೆಯ ಮೇಲ್ವಿಚಾರಕರ ಮತ್ತು ಮೇಲ್ವಿಚಾರಕಿಯರ ಎರಡು ಗುಂಪುಚಿತ್ರಗಳನ್ನು ಬರೆದನು. ಆ ವೇಳೆಗೆ ಆತನು ಬಡತನಕ್ಕೆ ಸಿಕ್ಕಿ ನಗರಸಭೆಯ ಧನಸಹಾಯವನ್ನು ಪಡೆಯುತ್ತಿದ್ದನು. ಇದರಿಂದ ಒಂದು ಕಥೆಯು ಬೆಳೆಯಿತು: ಆತನೂ ಆ ಧರ್ಮಶಾಲೆಯಲ್ಲಿಯೇ ಇದ್ದನೆಂದೂ, ಅನ್ನ ಹಾಕಿದವರ ಕಠಿನತೆಗೆ ಮುಯ್ಯಾಗಿ ಅವರ ಮುಖಗಳನ್ನು ನಿರ್ದಯವಾಗಿ ಬರೆದನೆಂದೂ. ಹಾಲ್ಸನು ಆ ಧರ್ಮಶಾಲೆಯಲ್ಲಿ ಇರಲಿಲ್ಲ. ಚಿತ್ರವನ್ನು ಬರೆಯಿಸಿದವರು ಅದನ್ನು ನಿರಾಕರಿಸದೆ ಸ್ವೀಕರಿಸಿರುವುದರಿಂದ ಮುಯ್ಯಿನ ಮಾತಿಗೂ ಆಧಾರ ಸಾಲದು.

ಕಥೆಯನ್ನು ಬದಿಗಿಟ್ಟು ಚಿತ್ರವನ್ನು ನೋಡಿದರೆ ಕಾಣುವುದೇನು? ಕಪ್ಪು ಬಟ್ಟೆ, ಬಿಳಿಯ ಕೊರಳಪಟ್ಟಿ; ನಾಲ್ಕೈದು ಒರಟು ಎಳೆತಗಳಲ್ಲಿ ಮುಗಿದ ಒಂದು ಮುದಿಗೈ. ಹತ್ತಿರ ಹೋದರೆ ಅದು ಬಣ್ಣದ ಮುದ್ದೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮೂಳೆ, ನರ, ಚರ್ಮ. ಇಲ್ಲಿ ಮುಖಸ್ತುತಿಯಿಲ್ಲ, ದ್ವೇಷವೂ ಇಲ್ಲ. ತಾನೂ ಮುದುಕನಾದವನು ಮುದುಕಿಯರನ್ನು ಕಂಡ ರೀತಿಯಿದು. ಹಾಲ್ಸನ ಕಪ್ಪುಗಳಲ್ಲಿ ಇಪ್ಪತ್ತೇಳು ಬಗೆಗಳಿವೆಯೆಂದು ವಾನ್ ಗೋ ೧೮೮೫ರಲ್ಲಿ ತನ್ನ ತಮ್ಮನಿಗೆ ಬರೆದನು. ಆ ಲೆಕ್ಕವನ್ನು ಯಾರೂ ಪರೀಕ್ಷಿಸಬೇಕಾಗಿಲ್ಲ. ಅಷ್ಟು ಕಾಲ ನಿಂತು ನೋಡಿದನೆಂಬುದೇ ಮುಖ್ಯ. ೧೯೧೩ರಿಂದ ಆ ಧರ್ಮಶಾಲೆಯ ಕಟ್ಟಡವೇ ಹಾಲ್ಸನ ಹೆಸರಿನ ಸಂಗ್ರಹಾಲಯವಾಗಿರುವುದು.

ಆಮ್‌ಸ್ಟರ್‌ಡ್ಯಾಮಿನ ರೆಂಬ್ರಾಂಟನು (೧೬೦೬–೧೬೬೯) ಬೇರೆಯವರ ಜತೆಗೆ ತನ್ನನ್ನೂ ನೋಡಿಕೊಂಡವನು. ಆತನು ಎಣ್ಣೆಬಣ್ಣದಲ್ಲಿ ಬರೆದ ಆತ್ಮಚಿತ್ರಗಳೇ ಸುಮಾರು ೪೦ ಉಳಿದಿವೆ. ೧೬೫೬ರಲ್ಲಿ ದಿವಾಳಿಯಾಗಿ ಮನೆಯ ಸಾಮಾನುಗಳೆಲ್ಲ ಪಟ್ಟಿಗೆ ಏರಿದ ಬಳಿಕವೂ ಆ ಕೆಲಸವು ನಿಲ್ಲಲಿಲ್ಲ. ತೀರಿಕೊಂಡ ವರ್ಷದಲ್ಲಿಯೂ, ಎಂದರೆ ೬೩ನೆಯ ವಯಸ್ಸಿನಲ್ಲಿಯೂ, ಕನ್ನಡಿಯ ಮುಂದೆ ಕುಳಿತಿದ್ದನು. ಸುಕ್ಕುಗಳನ್ನೂ ಜೋತುಬಿದ್ದ ಗಲ್ಲವನ್ನೂ ಆತನು ಮರೆಸಲಿಲ್ಲ. ೧೬೫೪ರಲ್ಲಿ ಬರೆದ ಯಾನ್ ಸಿಕ್ಸ್ ಎಂಬ ಗೃಹಸ್ಥನ ಭಾವಚಿತ್ರದಲ್ಲಿ, ಕೈಗವಸನ್ನು ಹಾಕಿಕೊಳ್ಳುತ್ತಲೋ ತೆಗೆಯುತ್ತಲೋ ಇರುವ ಕೈಗಳನ್ನು ಎಷ್ಟು ತ್ವರೆಯಿಂದ ಬರೆದಿರುವನೆಂದರೆ, ಬರೆದ ವರ್ಷವನ್ನು ಅರಿಯದವರು ಅದನ್ನು ೧೯ನೆಯ ಶತಮಾನಕ್ಕೆ ಸೇರಿಸಿದರೂ ಆಶ್ಚರ್ಯವಿಲ್ಲ. ಹೀಗಿರಲಾಗಿ, ಕ್ಷಣವನ್ನು ಹಿಡಿಯುವ ವಿದ್ಯೆಯು ಇಂಪ್ರೆಷನಿಸ್ಟರಿಂದಲೇ ಹುಟ್ಟಿತೆನ್ನುವುದು ಸರಿಯಲ್ಲ.

ಪ್ರಸಂಗವಶಾತ್ ಇಲ್ಲಿ ಒಂದು ಮಾತು. ಇದೇ ರೆಂಬ್ರಾಂಟನು ಸುಮಾರು ೧೬೫೬ರಿಂದ ೧೬೬೧ರ ಒಳಗೆ ಮೊಗಲ್ ದರ್ಬಾರಿನ ಕಿರುಚಿತ್ರಗಳನ್ನು ಮುಂದಿಟ್ಟುಕೊಂಡು ಏಷ್ಯದಿಂದ ಬಂದ ಕಾಗದದ ಮೇಲೆ ಲೇಖನಿಯಿಂದ ಪ್ರತಿ ಮಾಡಿದನು. ಅವುಗಳಲ್ಲಿ ೨೩ ಉಳಿದಿವೆ. ಜಹಾಂಗೀರ್, ಷಾಹಜಹಾನ್ ಮೊದಲಾದವರ ರೂಪಗಳು ಅಲ್ಲಿವೆ. ಭಾರತದ ಚಿತ್ರಕಾರನು ಒಂದೇ ಪಕ್ಕದಿಂದ ತೋರಿಸಿದ ಮುಖರೇಖೆಯ ಖಚಿತತೆಯನ್ನು, ನೆರಳುಬೆಳಕುಗಳ ಗುರುವಾದ ಈತನು ಆಗಲೇ ಪ್ರೌಢನಾಗಿದ್ದರೂ ಶಿಷ್ಯನಂತೆ ಕುಳಿತು ಅಭ್ಯಾಸ ಮಾಡಿದನು.

೪

೧೯ನೆಯ ಶತಮಾನದಲ್ಲಿ ಭಾವಚಿತ್ರಕ್ಕೆ ಒಂದು ವಿಪತ್ತು ಒದಗಿತು. ೧೮೩೯ರಲ್ಲಿ ದಾಗೇರನ ಛಾಯಾಚಿತ್ರ ವಿಧಾನವು ಪ್ಯಾರಿಸಿನಲ್ಲಿ ಪ್ರಕಟವಾಯಿತು. ೧೮೫೪ರಲ್ಲಿ ದಿಸ್ದೇರಿ ಎಂಬಾತನು ಭೇಟಿಚೀಟಿಯ ಗಾತ್ರದ ಅಗ್ಗದ ಛಾಯಾಚಿತ್ರಗಳಿಗೆ ಹಕ್ಕುಪತ್ರವನ್ನು ಪಡೆದನು. ಸಾದೃಶ್ಯವೆಂಬ ಅಂಗವನ್ನು ಯಂತ್ರವು ಕೆಲವು ಕ್ಷಣಗಳಲ್ಲಿ, ಅಲ್ಪ ಬೆಲೆಗೆ ಒದಗಿಸತೊಡಗಿತು. ಹಾಗಾದರೆ ಚಿತ್ರಕಾರನಿಗೆ ಉಳಿದುದೇನು?

ಇದಕ್ಕೆ ಉತ್ತರವನ್ನು ಹುಡುಕಿದವರು ಹಿಂದಕ್ಕೆ ನೋಡಿದರೆಂಬುದೇ ಚರಿತ್ರೆಯ ಸ್ವಾರಸ್ಯ. ೧೮೩೮ರಿಂದ ೧೮೪೮ರವರೆಗೆ ಲೂವ್ರ್ ಅರಮನೆಯಲ್ಲಿ ಲೂಯಿ ಫಿಲಿಪ್ ದೊರೆಯ ಸ್ಪ್ಯಾನಿಷ್ ಚಿತ್ರಶಾಲೆಯು ತೆರೆದಿತ್ತು; ಸ್ಪೇನಿನ ಚಿತ್ರಗಳ ರುಚಿಯು ಪ್ಯಾರಿಸಿನವರಿಗೆ ಅಲ್ಲಿ ಹತ್ತಿತು. ಹಾಲ್ಸನ ‘ನಗುವ ಸರದಾರ’ನೆಂದು ಹೆಸರಾದ ೧೬೨೪ರ ಚಿತ್ರವನ್ನು ೧೮೬೫ರಲ್ಲಿ ಪ್ಯಾರಿಸಿನ ಹರಾಜಿನಲ್ಲಿ ಹರ್ಟ್‌ಫರ್ಡ್ ಪ್ರಭುವು ೫೧,೦೦೦ ಫ್ರಾಂಕುಗಳಿಗೆ ಕೊಂಡನು. ೧೮೬೮ರಲ್ಲಿ ಥೋರೆ ಎಂಬ ವಿಮರ್ಶಕನು ಹಾಲ್ಸನನ್ನು ಕುರಿತು ಲೇಖನಗಳನ್ನು ಬರೆದು, ಬಹುಕಾಲ ಅಲಕ್ಷ್ಯಕ್ಕೆ ಈಡಾಗಿದ್ದ ಆ ಹೆಸರನ್ನು ಮತ್ತೆ ಎತ್ತಿಹಿಡಿದನು. ಹೊಸ ಚಿತ್ರಕಾರರು ಬಿರುಸಾದ ಕುಂಚದ ಎಳೆತಗಳನ್ನು ಹಾಕುತ್ತಿದ್ದ ಕಾಲವೇ ಹಳೆಯ ಹಾಲ್ಸನನ್ನು ಕಂಡುಕೊಂಡ ಕಾಲವೂ ಆಯಿತು. ಹಳೆಯದು ಹೊಸದಕ್ಕೆ ದಾರಿ ತೋರಿಸಿತು. ಹೊಸದು ಹಳೆಯದನ್ನು ನೋಡುವ ಕಣ್ಣನ್ನು ಕೊಟ್ಟಿತು.

ಎದುವಾರ್ ಮಾನೆ ೧೮೬೫ರಲ್ಲಿ ಮ್ಯಾಡ್ರಿಡ್ಡಿಗೆ ಹೋಗಿ ವೆಲಾಸ್ಕೆಸನ ಚಿತ್ರಗಳ ಮುಂದೆ ನಿಂತನು. ಪಾಬ್ಲೊ ದ ವಯ್ಯಾದೊಲಿದ್ ಎಂಬ ಆಸ್ಥಾನದ ವಿನೋದಗಾರನ ನಿಲುವುಚಿತ್ರವನ್ನು ಕಂಡು, ಅದರಲ್ಲಿ ಹಿನ್ನೆಲೆಯೇ ಮಾಯವಾಗಿ ಆ ಮನುಷ್ಯನ ಸುತ್ತ ಗಾಳಿಯೊಂದೇ ಉಳಿದಿದೆಯೆಂಬ ಅಭಿಪ್ರಾಯವನ್ನು ಫಾಂತೆ ಲಾತೂರನಿಗೆ ಬರೆದ ಕಾಗದದಲ್ಲಿ ತಿಳಿಸಿದನು. ಮರುವರ್ಷ ಆತನು ಬರೆದ ‘ಕೊಳಲೂದುವ ಹುಡುಗ’ನಲ್ಲಿ ಆ ಪಾಠದ ಫಲವು ಸ್ಪಷ್ಟವಾಗಿದೆ: ನೆಲವೂ ಗೋಡೆಯೂ ಒಂದೇ ಬೂದುಬಣ್ಣದಲ್ಲಿ ಕರಗಿಹೋಗಿ, ದಂಡಿನ ಸಮವಸ್ತ್ರದ ಹುಡುಗನೊಬ್ಬನೇ ನಿಂತಿರುವನು. ೧೮೬೬ರ ಸಲೋನ್ ಎಂಬ ಅಧಿಕೃತ ಪ್ರದರ್ಶನದವರು ಆ ಚಿತ್ರವನ್ನು ತಿರಸ್ಕರಿಸಿದರು. ಹಳೆಯ ಗುರುಗಳ ಹೆಸರಿನಲ್ಲಿ ಹೊಸಬರನ್ನು ದೂರವಿಟ್ಟವರಿಗೆ, ತಾವು ದೂರವಿಟ್ಟ ಚಿತ್ರವೇ ಹಳೆಯ ಗುರುವಿನ ಪಾಠವೆಂಬುದು ತಿಳಿಯಲಿಲ್ಲ.

ಮಾನೆಯು ಇಂಪ್ರೆಷನಿಸ್ಟರ ಗೆಳೆಯನೂ ಅಗ್ರಗಾಮಿಯೂ ಆಗಿದ್ದರೂ ಅವರ ಪ್ರದರ್ಶನಗಳಲ್ಲಿ ಸೇರಲಿಲ್ಲ. ಆ ಪ್ರದರ್ಶನಗಳು ೧೮೭೪ರಿಂದ ೧೮೮೬ರವರೆಗೆ ಎಂಟು ಸಲ ನಡೆದುವು. ಮೊದಲನೆಯದು ೧೮೭೪ನೆಯ ಏಪ್ರಿಲ್ ೧೫ರಂದು ತೆರೆದುದು ನಾದಾರನು ಹಿಂದೆ ಬಳಸುತ್ತಿದ್ದ ಚಿತ್ರಾಲಯದಲ್ಲಿ. ನಾದಾರನಾದರೋ ಪ್ಯಾರಿಸಿನ ಸುಪ್ರಸಿದ್ಧ ಛಾಯಾಚಿತ್ರಕಾರ. ಭಾವಚಿತ್ರಗಾರನ ವೃತ್ತಿಗೆ ಕುತ್ತಾಗಿ ಬಂದ ವಿದ್ಯೆಯ ಮನೆಯಲ್ಲಿಯೇ ಹೊಸ ಚಿತ್ರಕಲೆಗೆ ಆಶ್ರಯವು ದೊರೆಯಿತು.

೫

ಮಾನೆಯು ೧೮೭೨ರಲ್ಲಿ ಬೆರ್ಥ್ ಮೊರಿಸೊ ಎಂಬಾಕೆಯ ಭಾವಚಿತ್ರವನ್ನು ಬರೆದನು. ಕಪ್ಪು ಉಡುಪು, ಕಪ್ಪು ಟೊಪ್ಪಿಗೆ, ಎದೆಯ ಮೇಲೆ ನೇರಿಳೆ ಹೂಗಳ ಚಿಕ್ಕ ಗೊಂಚಲು. ಮುಖದ ಅರ್ಧ ಬೆಳಕಿನಲ್ಲಿ, ಅರ್ಧ ನೆರಳಿನಲ್ಲಿ. ಆಕೆಯ ಕಣ್ಣುಗಳು ವಾಸ್ತವವಾಗಿ ಹಸಿರು ಛಾಯೆಯವು. ಮಾನೆಯು ಅವನ್ನು ಕಪ್ಪಾಗಿ ಬರೆದನು. ಯಶೋಧರನ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಸಾದೃಶ್ಯವು ತಪ್ಪಿ ಭಾವವು ನಿಂತಿದೆ. ಬೆಳಕನ್ನು ಬಿಟ್ಟು ಮತ್ತೇನನ್ನೂ ಈ ಹೊಸಬರು ಕಾಣಲಿಲ್ಲವೆನ್ನುವವರು ಈ ಚಿತ್ರವನ್ನು ಮತ್ತೊಮ್ಮೆ ನೋಡಬೇಕು.

ಮೊರಿಸೊ ಸ್ವತಃ ಚಿತ್ರಕರ್ತ್ರಿ. ೧೮೭೪ರ ಪ್ರದರ್ಶನದಲ್ಲಿ ಆಕೆಯ ‘ತೊಟ್ಟಿಲು’ ಎಂಬ ಚಿತ್ರವು ಇದ್ದಿತು. ಆಕೆಯ ಅಕ್ಕ ಎದ್ಮಾ, ಮಲಗಿರುವ ತನ್ನ ಕೂಸನ್ನು ಒಂದು ಕೈಗೆ ಗಲ್ಲವನ್ನು ಆನಿಸಿ ನೋಡುತ್ತಿರುವಳು. ನಡುವೆ ತೊಟ್ಟಿಲಿನ ತೆಳುವಾದ ಪರದೆ. ಎದ್ಮಾ ಕೂಡ ತಂಗಿಯ ಜತೆಯಲ್ಲಿ ಚಿತ್ರಕಲೆಯನ್ನು ಕಲಿತವಳು, ಮದುವೆಯಾದ ಬಳಿಕ ಕುಂಚವನ್ನು ಕೆಳಗಿಟ್ಟವಳು. ಇದನ್ನು ಅರಿತು ನೋಡಿದಾಗ ಆ ಮುಖದಲ್ಲಿ ವಾತ್ಸಲ್ಯದೊಡನೆ ಬೇರೊಂದು ಯೋಚನೆಯೂ ಇರುವಂತೆ ತೋರುತ್ತದೆ. ಪರೇಹನಂತೆಯೇ ಮೊರಿಸೊ ಮತ್ತೊಬ್ಬರ ಚಿತ್ರದಲ್ಲಿ ಕುಳಿತು, ತಾನೂ ಚಿತ್ರ ಬರೆದವಳು. ಇವರಿಬ್ಬರ ಸ್ಥಿತಿಗಳಿಗೆ ಹೋಲಿಕೆಯಿಲ್ಲ. ಆದರೂ ನೋಡಿಸಿಕೊಂಡವರು ನೋಡುವವರಾದಾಗ ಭಾವಚಿತ್ರದ ಕಲೆಯು ವಿಸ್ತಾರವಾಗುತ್ತದೆಂಬುದಕ್ಕೆ ಎರಡೂ ನಿದರ್ಶನಗಳು.

ಎದ್ಗಾರ್ ದೆಗಾ ಲೂವ್ರಿನಲ್ಲಿ ವೆಲಾಸ್ಕೆಸನದೆಂದು ತೂಗುಹಾಕಿದ್ದ ರಾಜಕುಮಾರಿಯ ಚಿತ್ರವನ್ನು ಪ್ರತಿಮಾಡುತ್ತಿದ್ದಾಗಲೇ ಮಾನೆಯ ಪರಿಚಯವಾಯಿತೆಂದು ಹೇಳುತ್ತಾರೆ. ಆತನು ೧೮೫೮ರಲ್ಲಿ ಆರಂಭಿಸಿ ಹಲವು ವರ್ಷ ದುಡಿದ ಬೆಲ್ಲೆಲ್ಲಿ ಕುಟುಂಬದ ಚಿತ್ರವು ಸಂಸಾರದ ಮೌನವನ್ನು ಬರೆದ ಕೃತಿ. ಸೋದರತ್ತೆ ಲಾರಾ ತಂದೆಯ ಸೂತಕದ ಕಪ್ಪು ಬಟ್ಟೆಯಲ್ಲಿ ನಿಂತಿದ್ದಾಳೆ. ಗತಿಸಿದ ಆ ತಂದೆಯ ರೂಪವು ಹಿಂದಿನ ಗೋಡೆಯ ಮೇಲಿದೆ. ನೇಪಲ್ಸಿನಿಂದ ಗಡೀಪಾರಾಗಿ ಫ್ಲಾರೆನ್ಸಿನಲ್ಲಿದ್ದ ಗಂಡನು ಬೆನ್ನನ್ನು ನಮ್ಮತ್ತ ತಿರುಗಿಸಿ ಕುಳಿತಿರುವನು. ನಡುವೆ ಇಬ್ಬರು ಹೆಣ್ಣುಮಕ್ಕಳು. ಗಂಡಹೆಂಡಿರ ನೋಟಗಳು ಎಲ್ಲಿಯೂ ಕೂಡುವುದಿಲ್ಲ. ಒಂದು ಮಾತೂ ಇಲ್ಲದೆ ಒಂದು ಕಾದಂಬರಿಯಷ್ಟನ್ನು ಈ ಚಿತ್ರವು ತಿಳಿಸುತ್ತದೆ. ದೆಗಾ ೧೯೧೭ರಲ್ಲಿ ತೀರಿಕೊಂಡಾಗ ಅದು ಆತನ ಚಿತ್ರಾಲಯದಲ್ಲಿಯೇ ಇತ್ತು.

ಇದಕ್ಕೆ ಪ್ರತಿಯಾಗಿ ರೆನ್ವಾರನ ಚಿತ್ರವನ್ನು ನೋಡಬೇಕು. ಪುಸ್ತಕ ಪ್ರಕಾಶಕನಾದ ಶಾರ್ಪಾಂತಿಯೇ ಎಂಬಾತನ ಹೆಂಡತಿ ಮಕ್ಕಳನ್ನು ಆತನು ೧೮೭೮ರಲ್ಲಿ ಬರೆದನು. ಮರುವರ್ಷದ ಸಲೋನಿನಲ್ಲಿ ಅದಕ್ಕೆ ಮನ್ನಣೆಯು ದೊರೆಯಿತು. ಕಪ್ಪು ಉಡುಪಿನ ತಾಯಿ, ನೀಲಿ ಬಿಳಿ ಬಟ್ಟೆಯ ಎರಡು ಮಕ್ಕಳು, ಒಂದು ದೊಡ್ಡ ನಾಯಿ. ಆ ಕಾಲದ ಪದ್ಧತಿಯಂತೆ ಗಂಡುಮಗುವಿಗೂ ಹೆಣ್ಣುಡುಗೆಯನ್ನೇ ತೊಡಿಸಿದ್ದರಿಂದ ಇಬ್ಬರೂ ಹುಡುಗಿಯರೆಂದೇ ತೋರುವುದು. ಸುಖವನ್ನು ಬರೆಯುವುದು ದುಃಖವನ್ನು ಬರೆಯುವುದಕ್ಕಿಂತ ಹಗುರವಾದ ಕೆಲಸವೆಂದು ತಿಳಿಯುವವರು, ಆ ಸುಖಕ್ಕೆ ಇಷ್ಟು ದಿನ ಉಳಿಯುವ ಶಕ್ತಿ ಹೇಗೆ ಬಂತೆಂಬುದನ್ನು ವಿಚಾರಿಸಬೇಕು.

೬

ಕಡೆಯದಾಗಿ, ಋಣದ ಪ್ರಶ್ನೆಯನ್ನು ಅತ್ಯಂತ ತೀವ್ರವಾಗಿ ಎತ್ತುವ ಚಿತ್ರವೊಂದುಂಟು. ಕ್ಲೋದ್ ಮೊನೆಯ ಹೆಂಡತಿ ಕಮೀಲ್ ೧೮೭೯ನೆಯ ಸೆಪ್ಟೆಂಬರ್ ೫ರಂದು ವೆತೈ ಎಂಬ ಹಳ್ಳಿಯಲ್ಲಿ, ೩೨ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಸಾವಿನ ಹಾಸಿಗೆಯ ಮೇಲಿದ್ದ ಆಕೆಯನ್ನು ಮೊನೆಯು ಚಿತ್ರಿಸಿದನು. ನೀಲಿ, ಬೂದು, ನಸುನೇರಿಳೆ ಬಣ್ಣಗಳ ಎಳೆತಗಳು ಮಂಜಿನಂತೆ ಮುಸುಕಿಕೊಂಡಿವೆ; ಅವುಗಳ ನಡುವೆ ಮುಖವು ಮುಳುಗಿಹೋಗುತ್ತಿದೆ. ಬಹುಕಾಲದ ಮೇಲೆ ಮೊನೆಯು ತನ್ನ ಮಿತ್ರನಾದ ಕ್ಲೆಮಾಂಸೋವಿಗೆ ಇದನ್ನು ಹೇಳಿಕೊಂಡನು: ತನಗೆ ಅಷ್ಟು ಪ್ರಿಯವಾಗಿದ್ದ ಮುಖದ ಮೇಲೆ ಸಾವು ಒಂದರ ಮೇಲೊಂದರಂತೆ ತರುತ್ತಿದ್ದ ಬಣ್ಣಗಳನ್ನು ತಾನು ಅರಿಯದೆಯೇ ಗುರುತಿಸುತ್ತಿದ್ದುದನ್ನು ಕಂಡು ತನಗೇ ದಿಗಿಲಾಯಿತೆಂದು. ಗಾಣಕ್ಕೆ ಕಟ್ಟಿದ ಎತ್ತಿನಂತೆ ಕಣ್ಣು ತನ್ನ ರೂಢಿಯ ಸುತ್ತನ್ನೇ ಸುತ್ತಿತು.

ಇಂಪ್ರೆಷನಿಸ್ಟರು ಬೆಳಕನ್ನು ಮಾತ್ರ ಕಂಡರೆಂಬ ಆಕ್ಷೇಪಕ್ಕೆ ಇದೇ ಬಲವಾದ ಸಾಕ್ಷಿಯೆಂದು ಹೇಳಬಹುದು. ಆದರೆ ಆ ಆಕ್ಷೇಪವನ್ನು ಮೊದಲು ಎತ್ತಿದವನು ಮೊನೆಯೇ. ತನ್ನ ಮೇಲೆಯೇ ಎತ್ತಿಕೊಂಡನು. ಮನುಷ್ಯನ ಮುಖವನ್ನು ಬರಿಯ ಬಣ್ಣವಾಗಿ ಕಾಣುವ ಅಪಾಯವು ಈ ಕಲೆಯ ಒಳಗೇ ಇದೆ. ಪ್ರಾಚೀನ ಗುರುಗಳೂ ಅದಕ್ಕೆ ಹೊರಗಲ್ಲ. ಗುಲಾಮನ ಮುಖವನ್ನು ಪಾಂಥಿಯಾನಿನಲ್ಲಿ ತೂಗುಹಾಕಿ ಕೀರ್ತಿಯನ್ನು ಪಡೆದು, ಗುಲಾಮನನ್ನು ಮನೆಯಲ್ಲಿಯೇ ಇರಿಸಿಕೊಂಡ ವೆಲಾಸ್ಕೆಸನಿಗೂ ಅದು ಅನ್ವಯಿಸುತ್ತದೆ. ನೋಡುವುದು ಪ್ರೀತಿಯಾಗಬಹುದು, ಪ್ರೀತಿಯನ್ನು ಮೀರಿದ ಚಾಳಿಯೂ ಆಗಬಹುದು.

ಇಂಪ್ರೆಷನಿಸ್ಟರೆಲ್ಲರೂ ತ್ವರಿತರೆಂಬ ನಂಬಿಕೆಯೂ ನಿಲ್ಲತಕ್ಕದ್ದಲ್ಲ. ೧೮೭೪ರಲ್ಲಿ ಅವರೊಡನೆ ಪ್ರದರ್ಶಿಸಿದ ಸೆಜಾನನು ೧೮೯೯ರಲ್ಲಿ ಚಿತ್ರವ್ಯಾಪಾರಿ ವೊಲ್ಲಾರನನ್ನು ಬರೆಯುವುದಕ್ಕೆ ೧೧೫ ಸಲ ಕೂರಿಸಿದನೆಂದು ವೊಲ್ಲಾರನೇ ಹೇಳಿರುವನು. ಅಷ್ಟಾದ ಮೇಲೆ ಚಿತ್ರಕಾರನು ಒಪ್ಪಿಕೊಂಡುದು ಅಂಗಿಯ ಮುಂಭಾಗವೊಂದನ್ನು ಮಾತ್ರ.

ಈ ಎಲ್ಲವನ್ನೂ ಪರ್ಯಾಲೋಚಿಸಿದರೆ, ಪ್ರಾಚೀನ ಗುರುಗಳಿಗೂ ಇಂಪ್ರೆಷನಿಸ್ಟರಿಗೂ ನಡುವೆ ಎಳೆದ ಗೆರೆಯು ಬೋಧನೆಯ ಅನುಕೂಲಕ್ಕಾಗಿ ಎಳೆದುದೆಂದು ತಿಳಿಯುತ್ತದೆ. ಬರೆಯಿಸುವವರು ಬದಲಾದರು, ಛಾಯಾಚಿತ್ರವು ಬಂದಿತು, ಬಣ್ಣಗಳು ಬೆಳಗಿದುವು. ಆದರೆ ಹಾಲ್ಸನ ಮುದಿಗೈಯಿಂದ ಮಾನೆಯ ಕಪ್ಪು ಕಣ್ಣುಗಳವರೆಗೆ ಹರಿದುಬಂದ ಎಳೆಯು ಒಂದೇ. ಆದುದರಿಂದ ವಿದ್ಯಾರ್ಥಿಗಳಿಗೆ ಇವುಗಳನ್ನು ತೋರಿಸುವ ಅಧ್ಯಾಪಕರು, ಪಂಥದ ಹೆಸರನ್ನು ಹೇಳುವ ಮುನ್ನ, ಚಿತ್ರದಲ್ಲಿರುವವನು ಯಾರು, ಅವನನ್ನು ಬರೆದವನಿಗೂ ಅವನಿಗೂ ಸಂಬಂಧವೇನು, ಆ ಮುಖಕ್ಕೆ ಎಷ್ಟು ಗಮನವು ಸಂದಿದೆ ಎಂಬಿವನ್ನು ಕೇಳುವುದು ಲೇಸು. ಪರೇಹನ ನೋಟವು ಮುನ್ನೂರೈವತ್ತು ವರ್ಷಗಳನ್ನು ದಾಟಿ ಇಂದಿಗೂ ನಮ್ಮನ್ನು ನೇರವಾಗಿ ಎದುರಿಸುತ್ತಿದೆ. ಅದನ್ನು ತಲೆತಗ್ಗಿಸದೆ ಎದುರಿಸುವುದಕ್ಕೆ ಆತನ ಚರಿತ್ರೆಯನ್ನೂ ನಾವು ಅರಿತಿರಬೇಕು.